ಹೊರಬೇಕಾದ ಭಾರ, ಇಳಿಸಬೇಕಾದ ಭಾರ



ಮಠದಲ್ಲಿ ಶಿವಾನುಭವಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಸಮಯದಲ್ಲಿ ಗೃಹಸ್ಥರೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. "ಕಾಯಕ ಮಾಡಿರೆಂದು ಹೇಳುತ್ತೀರಿ, ಚಿಂತೆ ಬಿಡಿರೆಂದೂ ಹೇಳುತ್ತೀರಿ. ಕಾಯಕ ಮಾಡಹೋದರೆ ಚಿಂತೆ ಬೆನ್ನು ಹತ್ತುತ್ತದೆ. ಚಿಂತೆ ಬಿಡಹೋದರೆ ಕಾಯಕ ಕೈಬಿಡುತ್ತದೆ. ನಮ್ಮಂಥವರು ಏನು ಮಾಡಬೇಕು?" ಎಂದು ಅವರು ಕೇಳಿದರು. ಅಂದು ಹೊತ್ತು ಮೀರಿತ್ತು. ನಾಲ್ಕು ಸಮಾಧಾನದ ಮಾತುಗಳನ್ನು ಹೇಳಿ ಕಳುಹಿಸಿದೆನು. ಆದರೆ ಆ ಮಾತುಗಳು ಅವರಿಗೆ ಸಾಲಲಿಲ್ಲವೆಂಬುದು ಅವರ ಮುಖದಲ್ಲಿಯೇ ಕಾಣುತ್ತಿತ್ತು. ನನಗೂ ಸಾಲಲಿಲ್ಲ. ಆ ಪ್ರಶ್ನೆಯನ್ನೇ ಇಂದು ಶರಣರ ಬೆಳಕಿನಲ್ಲಿ ನಿಧಾನವಾಗಿ ವಿಚಾರಿಸೋಣ.

ಇಂದಿನವರು ಇದನ್ನು 'ಒತ್ತಡ' ಎಂಬ ಒಂದೇ ಶಬ್ದದಿಂದ ಕರೆಯುತ್ತಾರೆ. ಒತ್ತಡವೆಂದೊಡನೆ ಅದು ಕೆಟ್ಟದ್ದು, ಅದನ್ನು ಕಳೆದುಕೊಳ್ಳಬೇಕು ಎಂಬ ಭಾವನೆ ಬರುವುದು. ಆದರೆ ಒತ್ತುವುದೆಲ್ಲವೂ ಕೆಟ್ಟದ್ದೆ? ರೈತನು ಕೂರಿಗೆಯಿಂದ ಬಿತ್ತಿದ ಮೇಲೆ ಬೀಜವನ್ನು ಹಾಗೆಯೇ ಬಿಟ್ಟು ಮನೆಗೆ ಹೋಗುವುದಿಲ್ಲ. ಸಾಲಿನ ಮೇಲೆ ಕುಂಟೆಯನ್ನು ಎಳೆದು ಮಣ್ಣು ಮುಚ್ಚುತ್ತಾನೆ. ಆ ಮಣ್ಣಿನ ಮಿತವಾದ ಒತ್ತು ಇದ್ದರೆ ಬೀಜಕ್ಕೆ ಹಸಿ ತಗಲುವುದು, ಮೊಳಕೆ ಬರುವುದು. ಅದೇ ಬೀಜ ಗಾಡಿಯ ಜಾಡಿನಲ್ಲಿ ಬಿದ್ದು, ಮೇಲೆ ಚಕ್ರ ಹರಿದು ಮಣ್ಣು ಕಲ್ಲಾದರೆ ಅಲ್ಲಿ ಮೊಳಕೆಗೆ ದಾರಿಯಿಲ್ಲ. ಬೀಜವೂ ಅದೇ, ಮಣ್ಣೂ ಅದೇ. ಹದ ಮಾತ್ರ ಬೇರೆ.

ಈ ಹದದ ಮಾತನ್ನು ಆಧುನಿಕ ವಿಜ್ಞಾನವೂ ಹೇಳುತ್ತದೆ. ಹಾನ್ಸ್ ಸೆಲ್ಯೆ ಎಂಬ ವಿದ್ವಾಂಸರು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿದ್ದು, ದೇಹಕ್ಕೆ ಬರುವ ನಾನಾ ಬಗೆಯ ಕಷ್ಟಗಳಿಗೆ ದೇಹವು ಒಂದೇ ಬಗೆಯಲ್ಲಿ ಉತ್ತರ ಕೊಡುವುದೆಂಬ ವಿಚಾರವನ್ನು 1936ರಲ್ಲಿ ಪ್ರಕಟಿಸಿದರು. ಭಯವಾಗಲಿ, ಅತಿಶ್ರಮವಾಗಲಿ ಎದುರಾದಾಗ ಮೂತ್ರಪಿಂಡಗಳ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಸ್ರಾವಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಯ ಬಡಿತ ತ್ವರೆಗೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ಶಿವನು ಜೀವಿಗೆ ಕೊಟ್ಟ ರಕ್ಷಾಕವಚವೇ ಸರಿ. ಹಾವನ್ನು ಕಂಡು ಹಿಂದಕ್ಕೆ ಹಾರುವವನಿಗೂ, ಮೊದಲ ಸಲ ಸಭೆಯಲ್ಲಿ ನಿಂತು ಮಾತನಾಡುವವನಿಗೂ ಬಲ ಬರುವುದು ಇದರಿಂದಲೇ. ಆದರೆ ಹಾವು ಹೋದ ಮೇಲೆಯೂ ಮೈ ಬಿಗಿದೇ ಉಳಿದರೆ, ಹಗಲಿರುಳು ತಿಂಗಳುಗಟ್ಟಲೆ ಹಾಗೆಯೇ ನಡೆದರೆ, ಆ ಕವಚವೇ ಮೈಯನ್ನು ಒತ್ತಿ ಹಿಂಸಿಸತೊಡಗುತ್ತದೆ. ನಿದ್ರೆ ಕೆಡುತ್ತದೆ, ಜೀರ್ಣಶಕ್ತಿ ಕುಂದುತ್ತದೆ, ರಕ್ತದ ಒತ್ತಡ ಏರುತ್ತದೆ. ಇದೇ ಸೆಲ್ಯೆಯವರು 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒತ್ತಡದಲ್ಲಿಯೂ ಹಿತವಾದುದು, ಅಹಿತವಾದುದು ಎಂಬ ಭೇದವನ್ನು ವಿವರಿಸಿದ್ದಾರೆ.

ನಮ್ಮ ಪ್ರಾಚೀನರಿಗೆ ಈ ಭೇದ ಹೊಸದಲ್ಲ. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವ್ಯಾಯಾಮವನ್ನು ಬಹುವಾಗಿ ಹೊಗಳುತ್ತಾನೆ. ಅದರಿಂದ ಮೈ ಹಗುರವಾಗುವುದು, ಕೆಲಸ ಮಾಡುವ ಸಾಮರ್ಥ್ಯ ಬರುವುದು, ಜಠರಾಗ್ನಿ ದೀಪ್ತವಾಗುವುದು ಎನ್ನುತ್ತಾನೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಬಲಿಷ್ಠನಾದವನು ಕೂಡ, ಶೀತಕಾಲ ವಸಂತಕಾಲಗಳಲ್ಲಿಯೂ, ತನ್ನ ಶಕ್ತಿಯ ಅರ್ಧದಷ್ಟನ್ನೇ ವಿನಿಯೋಗಿಸಬೇಕೆಂದು ವಿಧಿಸುತ್ತಾನೆ. ಮಿತಿಮೀರಿ ಶ್ರಮಿಸುವವನನ್ನು ಆನೆಯನ್ನು ಎಳೆಯಹೊರಟು ತಾನೇ ನಾಶವಾಗುವ ಸಿಂಹಕ್ಕೆ ಹೋಲಿಸುತ್ತಾನೆ. ಸಿಂಹಕ್ಕೆ ಬಲ ಕಡಿಮೆಯೆ? ಇಲ್ಲ. ಬಲವಿದೆಯೆಂಬ ಅಭಿಮಾನವೇ ಅದಕ್ಕೆ ಮುಳುವು. ಗೀತೆಯ ಆರನೆಯ ಅಧ್ಯಾಯವೂ ಆಹಾರ, ವಿಹಾರ, ಕರ್ಮ, ನಿದ್ರೆ, ಎಚ್ಚರ ಇವೆಲ್ಲವೂ ಯುಕ್ತವಾಗಿರಬೇಕೆಂದೇ ಬೋಧಿಸುತ್ತದೆ.

ಆದರೆ ಯುಕ್ತವೆಂದರೆ ಎಷ್ಟು? ಅಳತೆ ಯಾವುದು? ಈ ಪ್ರಶ್ನೆಗೆ ಸೂತ್ರಗಳಿಗಿಂತ ಸ್ಪಷ್ಟವಾದ ಉತ್ತರವನ್ನು ಕಲ್ಯಾಣದ ಒಂದು ಬಡ ಗುಡಿಸಲಿನಲ್ಲಿ ಕಾಣುತ್ತೇವೆ.

ಹನ್ನೆರಡನೆಯ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕ ನಿಮಗೆಲ್ಲ ತಿಳಿದದ್ದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹ ನಡೆಸುವುದೇ ಅವರ ಜೀವನ. ಅದರಿಂದಲೇ ಅವರಿಗೆ ಆಯ್ದಕ್ಕಿ ಎಂಬ ಹೆಸರು. ಈ ದಂಪತಿಗಳ ಬಾಳಿನ ಎರಡು ಪ್ರಸಂಗಗಳು ಶೂನ್ಯಸಂಪಾದನೆಯ ಪರಂಪರೆಯಲ್ಲಿ ಉಳಿದು ಬಂದಿವೆ. ಅವೆರಡನ್ನೂ ಬೇರೆ ಬೇರೆಯಾಗಿ ಹೇಳುವವರು ಬಹಳ ಜನ. ಜೊತೆಗೂಡಿಸಿ ನೋಡಿದರೆ ನಮ್ಮ ಗೃಹಸ್ಥರ ಪ್ರಶ್ನೆಗೆ ಉತ್ತರ ಸಿಕ್ಕುವುದು.

ಒಂದು ದಿನ ಮಾರಯ್ಯನು ಅಲ್ಲಮಪ್ರಭುದೇವರ ಸನ್ನಿಧಿಯಲ್ಲಿ ಅನುಭಾವದ ಮಾತಿನಲ್ಲಿ ಮೈಮರೆತನು. ಹೊತ್ತು ಏರಿತು. ಅಕ್ಕಿ ಆಯುವ ಕೆಲಸ ನಿಂತಿತು. ಆಗ ಲಕ್ಕಮ್ಮ ಬಂದು, ಕಾಯಕ ನಿಂತುಹೋಗಿದೆ, ಏಳು, ಹೋಗು ಎಂದು ಗಂಡನನ್ನು ಎಚ್ಚರಿಸಿದಳು. ಮಾತು ಕೀಳುಮಟ್ಟದ್ದಾಗಿರಲಿಲ್ಲ, ಪ್ರಭುದೇವರೊಡನೆ ನಡೆದ ಬ್ರಹ್ಮಾನುಭವದ ಮಾತು. ಆದರೂ ಆಕೆ ಸುಮ್ಮನಿರಲಿಲ್ಲ. ಕೈಗೆ ಕೆಲಸವಿಲ್ಲದ ಅನುಭಾವ ಸಡಿಲಾಗುವುದೆಂದು ಆಕೆಗೆ ತಿಳಿದಿತ್ತು. ಇಲ್ಲಿ ಲಕ್ಕಮ್ಮ ಗಂಡನ ಹೆಗಲ ಮೇಲೆ ಭಾರವನ್ನು ಇಟ್ಟಳು.

ಇನ್ನೊಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಅಂಗಳದಲ್ಲಿ ಅಂದು ಹೆಚ್ಚು ಬಿದ್ದಿತ್ತು, ತಂದನು. ಲೋಕದ ದೃಷ್ಟಿಯಿಂದ ಇದರಲ್ಲಿ ತಪ್ಪೇನಿದೆ? ಕಳವಲ್ಲ, ಮೋಸವಲ್ಲ, ದುಡಿದು ತಂದದ್ದು. ನಮ್ಮ ಮನೆಗಳಲ್ಲಾದರೆ ಅಂದು ಸಂತೋಷದ ದಿನ. ಲಕ್ಕಮ್ಮ ಅಕ್ಕಿಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. ಇಂದಿನ ದಾಸೋಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮಗೇಕೆ, ಈ ಆಸೆ ನಿನಗೆ ಎಲ್ಲಿಂದ ಬಂತು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಇಲ್ಲಿ ಲಕ್ಕಮ್ಮ ಗಂಡನ ಹೆಗಲಿನಿಂದ ಭಾರವನ್ನು ಇಳಿಸಿದಳು.

ನೋಡಿರಿ, ಹೋಗು ಎಂದವಳೂ ಆಕೆಯೇ, ಸಾಕು ಎಂದವಳೂ ಆಕೆಯೇ. ಒಂದೇ ಬಾಯಿಂದ ಬಂದ ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಅಂದಿನ ಅಕ್ಕಿಗಾಗಿ ಬಗ್ಗಿದ ಬೆನ್ನಿನ ನೋವು ಹಿತವಾದ ಭಾರ. ನಾಳೆಯ ಅಕ್ಕಿಗಾಗಿ ಇಂದೇ ಬಗ್ಗಿದ ಬೆನ್ನಿನ ನೋವು ಅಹಿತವಾದ ಭಾರ. ಎರಡೂ ಒಂದೇ ಅಂಗಳದಲ್ಲಿ, ಒಂದೇ ಕೆಲಸದಲ್ಲಿ, ಒಂದೇ ಬೆನ್ನಿಗೆ ಬಂದವು. ಆದುದರಿಂದ ಕೆಲಸವನ್ನು ನೋಡಿ ಇದು ಹಿತ, ಇದು ಅಹಿತ ಎಂದು ಹೇಳಲು ಬರುವುದಿಲ್ಲ. ಆ ಕೆಲಸದೊಳಗೆ ಸೇರಿಕೊಂಡ ಹೆಚ್ಚಿನ ಹಿಡಿ ಯಾವುದು, ಅದು ಯಾರ ಆಸೆಗಾಗಿ ಸೇರಿತು ಎಂಬುದನ್ನು ನೋಡಬೇಕು.

ಈ ಮಾತನ್ನು ನಾನು ವೇದಿಕೆಯ ಮೇಲೆ ಅನೇಕ ಸಲ ಹೇಳಿದ್ದೆನು. ನನಗೆ ಅದು ಅರ್ಥವಾದದ್ದು ಮಾತ್ರ ತಡವಾಗಿ. ಅದೂ ಒಬ್ಬ ಹುಡುಗನಿಗೆ ನೋವುಂಟುಮಾಡಿದ ಮೇಲೆ. ಹೇಳಲು ಸಂಕೋಚವಾಗುತ್ತದೆ. ಆದರೂ ಬೋಧಿಸುವವನು ತನ್ನ ತಪ್ಪನ್ನು ಮುಚ್ಚಿಟ್ಟು ಬೋಧಿಸಬಾರದಾದ್ದರಿಂದ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿ ಒಕ್ಕಲುಮನೆತನದ ಒಬ್ಬ ಹುಡುಗನಿದ್ದನು. ಚುರುಕು ಬುದ್ಧಿ, ಒಮ್ಮೆ ಕೇಳಿದ ಶ್ಲೋಕವನ್ನು ಮರೆಯುತ್ತಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಾಗ, ಇವನಿಂದ ನಮ್ಮ ಪಾಠಶಾಲೆಗೆ ಹೆಸರು ಬರಬೇಕೆಂದು ನಾನು ನಿಶ್ಚಯಿಸಿದೆನು. ನಸುಕಿನ ನಾಲ್ಕಕ್ಕೆ ಎಬ್ಬಿಸುತ್ತಿದ್ದೆನು. ರಾತ್ರಿ ಹನ್ನೊಂದರವರೆಗೆ ಎದುರಿಗೆ ಕೂಡಿಸಿಕೊಳ್ಳುತ್ತಿದ್ದೆನು. ಆಟಕ್ಕೆ ಹೊರಟರೆ "ಮಠದ ಮರ್ಯಾದೆ ನಿನ್ನ ಕೈಯಲ್ಲಿದೆ" ಎನ್ನುತ್ತಿದ್ದೆನು. ಮೊದಮೊದಲು ಉತ್ಸಾಹದಿಂದ ಓದಿದನು. ಬರಬರುತ್ತ ಪ್ರಸಾದದ ಪಂಕ್ತಿಯಲ್ಲಿ ಅರ್ಧಕ್ಕೇ ಏಳತೊಡಗಿದನು. ಒಂದು ಮಧ್ಯಾಹ್ನ ಎಷ್ಟೋ ವರ್ಷಗಳಿಂದ ಬಾಯಿಗೆ ಬರುತ್ತಿದ್ದ ಸ್ತೋತ್ರವೇ ಅವನಿಗೆ ನೆನಪಾಗಲಿಲ್ಲ. ನಾನು ಎಲ್ಲರ ಮುಂದೆ ಗದರಿದೆನು. ಅವನು ಅಳಲಿಲ್ಲ, ನೆಲ ನೋಡುತ್ತ ನಿಂತನು. ಮರುದಿನ ನಸುಕಿನಲ್ಲಿ ಎಬ್ಬಿಸಲು ಹೋದಾಗ ಹಾಸಿಗೆ ಬರಿದಾಗಿತ್ತು.

ರಾತ್ರಿಯೇ ಹೊರಟು ನಡೆದು ಊರು ಸೇರಿದ್ದನು. ವಿಷಯ ತಿಳಿದು ನಾನು ಅವನ ಮನೆಗೆ ಹೋದೆನು. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಬುದ್ಧಿವಾದವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆನು. ಅದನ್ನು ಹೇಳುವ ಪ್ರಸಂಗ ಬರಲಿಲ್ಲ. ಹುಡುಗನು ಒಳಗೆ ಎರಡು ದಿನಗಳಿಂದ ಮಲಗಿದ್ದನು. ಅವನ ತಂದೆ ನನಗೆ ಕಂಬಳಿ ಹಾಸಿ, ನೀರು ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಇಷ್ಟೇ ಹೇಳಿದನು: "ಗುರುಗಳ, ನಾ ಓದಿದಾಂವ ಅಲ್ಲ. ಎತ್ತಿನ ಹೆಗಲಿಗೆ ನೊಗಾ ಇಡೋದು ತಪ್ಪಲ್ರಿ. ದುಡೀಲಾರದ ಎತ್ತು ನಿಂತಲ್ಲೇ ಕೆಡತೈತಿ. ಆದ್ರ ಹೊತ್ತೇರಿದ ಮ್ಯಾಲೆ ನಾವು ಕೊಳ್ಳ ಹರೀತೀವ್ರಿ. ನಮ್ಮ ಹುಡುಗನ ಕೊಳ್ಳ ನೀವು ಯಾವಾಗ ಹರೀತೀರಿ?"

ಕೊಳ್ಳ ಹರಿಯುವುದೆಂದರೆ ಎತ್ತನ್ನು ನೊಗದಿಂದ ಬಿಚ್ಚಿ ಮೇವು ನೀರಿಗೆ ಬಿಡುವುದು. ನನ್ನಲ್ಲಿ ಉತ್ತರವಿರಲಿಲ್ಲ. ಬಿಚ್ಚುವ ವೇಳೆಯೊಂದು ಇರಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಹಿಂದಿರುಗಿ ಬರುವಾಗ ಲಕ್ಕಮ್ಮನ ಮಾತು ಎದೆಗೆ ನಾಟಿತು. ಹುಡುಗನ ಓದು ಅಂದಿನ ಅಕ್ಕಿ. ಅದನ್ನು ಅವನು ಆಯಲೇಬೇಕಾಗಿತ್ತು. ಪಾಠಶಾಲೆಯ ಹೆಸರು ಹೆಚ್ಚಿನ ಅಕ್ಕಿ. ಅದು ನನ್ನ ಆಸೆ, ಅವನದಲ್ಲ. ನನ್ನ ಆಸೆಯನ್ನು ಆ ಎಳೆಯ ಬೆನ್ನಿನ ಮೇಲೆ ಹೇರಿ, ಅದಕ್ಕೆ ಮಠದ ಮರ್ಯಾದೆಯೆಂದು ಹೆಸರಿಟ್ಟಿದ್ದೆನು. ಒಂದು ವಾರದ ಮೇಲೆ ಹುಡುಗನು ಮರಳಿ ಬಂದನು. ನಾನು ಅವನ ಕ್ಷಮೆ ಕೇಳಿದೆನು. ಓದಿಗೆ ಹೊತ್ತು ಗೊತ್ತುಮಾಡಿ, ಸಂಜೆಯ ಆಟವನ್ನೂ ರಾತ್ರಿಯ ನಿದ್ರೆಯನ್ನೂ ಅವನಿಗೆ ಹಿಂದಿರುಗಿಸಿದೆನು. ಓದು ಬಿಡಿಸಲಿಲ್ಲ, ಅದೂ ಅಪರಾಧವೇ ಆಗುತ್ತಿತ್ತು. ಪರೀಕ್ಷೆಯಲ್ಲಿ ಸಾಧಾರಣವಾದ ಅಂಕಗಳಿಂದ ಉತ್ತೀರ್ಣನಾದನು. ಪಾಠಶಾಲೆಗೆ ಹೆಸರೇನೂ ಬರಲಿಲ್ಲ. ಹುಡುಗನು ಉಳಿದನು.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಇಲಿಗಳಿಗೆ ಪಾಠ ಕಲಿಸುವ ಪ್ರಯೋಗ ಮಾಡಿ, ಕಠಿಣವಾದ ಪಾಠವನ್ನು ಕಲಿಯುವಾಗ ಪ್ರಚೋದನೆ ಒಂದು ಮಿತಿಯನ್ನು ದಾಟಿದರೆ ಕಲಿಕೆ ಮುಂದುವರಿಯುವುದರ ಬದಲು ಹಿಂದೆ ಬೀಳುವುದೆಂದು ತೋರಿಸಿದರೆಂಬುದನ್ನು ನಾನು ಓದಿದ್ದು ಆಮೇಲೆ. ಓದಿದಾಗ ಆ ಒಕ್ಕಲಿಗನ ಮುಖವೇ ಕಣ್ಣ ಮುಂದೆ ಬಂತು.

ಇನ್ನು ಕಟ್ಟುವುದು ಬಿಚ್ಚುವುದು ಎಂಬ ಈ ಎರಡನ್ನು ಬಾಳಿನಲ್ಲಿ ಕೂಡಿಸುವ ಬಗೆ ಹೇಗೆಂಬುದಕ್ಕೆ ನುಲಿಯ ಚಂದಯ್ಯನ ಕಾಯಕವನ್ನು ನೆನೆಯೋಣ. ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ಮಾಡಿದ ಶರಣನು ಆತ. ಹಗ್ಗ ಹೊಸೆಯುವುದನ್ನು ನೀವು ನೋಡಿದ್ದರೆ ಒಂದು ವಿಶೇಷವನ್ನು ಗಮನಿಸಿರಬಹುದು. ಮೊದಲು ಒಂದೊಂದು ಎಳೆಗೂ ಒಂದು ದಿಕ್ಕಿಗೆ ಹುರಿ ಕೊಡುತ್ತಾರೆ. ಆಮೇಲೆ ಎಳೆಗಳನ್ನು ಕೂಡಿಸಿ ಅದರ ವಿರುದ್ಧ ದಿಕ್ಕಿಗೆ ಹೊಸೆಯುತ್ತಾರೆ. ಎಳೆಗಳು ಬಿಚ್ಚಿಕೊಳ್ಳಲು ತಿರುಗಿದರೆ ಹಗ್ಗದ ಹುರಿ ಬಿಗಿಯುತ್ತದೆ. ಹಗ್ಗ ಬಿಚ್ಚಿಕೊಳ್ಳಲು ತಿರುಗಿದರೆ ಎಳೆಗಳ ಹುರಿ ತಡೆಯುತ್ತದೆ. ಹುರಿಯೇ ಇಲ್ಲದಿದ್ದರೆ ಅದು ಹುಲ್ಲಿನ ಕಂತೆ. ಒಂದೇ ದಿಕ್ಕಿಗೆ ಹೊಸೆಯುತ್ತಲೇ ಹೋದರೆ ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಗಂಟಾಗುವುದು, ಇಲ್ಲವೆ ಹರಿಯುವುದು.

ಶರಣಜೀವನದಲ್ಲಿ ಕಾಯಕ ಒಂದು ಹುರಿ, ದಾಸೋಹ ಇನ್ನೊಂದು ಹುರಿ. ಕಾಯಕವು ನಮ್ಮನ್ನು ದುಡಿಮೆಗೆ ಎಳೆಯುತ್ತದೆ; ದಾಸೋಹವು ದುಡಿದುದನ್ನು ಬಿಟ್ಟುಕೊಡಲು ಕಲಿಸುತ್ತದೆ. ದಾಸೋಹವಿಲ್ಲದ ಕಾಯಕ ತನ್ನ ಸುತ್ತಲೇ ಸುತ್ತಿ ಗಂಟಾಗುತ್ತದೆ. ಅದಕ್ಕೆ ಎಷ್ಟು ಬಂದರೂ ಸಾಲದು, ಎಷ್ಟು ಮಾಡಿದರೂ ಮುಗಿಯದು. ಕಾಯಕವಿಲ್ಲದ ದಾಸೋಹ ಬರಿಯ ಬಾಯುಪಚಾರ. ಇವೆರಡೂ ಎದುರುಬದುರಾಗಿ ಹೊಸೆದುಕೊಂಡಾಗ ಭಾರ ಎಳೆಯಬಲ್ಲ ಹಗ್ಗವಾಗುವುದು.

ಇದನ್ನು ನಿತ್ಯಜೀವನದಲ್ಲಿ ಪರೀಕ್ಷಿಸಿಕೊಳ್ಳಲು ಮೂರು ಪ್ರಶ್ನೆಗಳನ್ನು ನಾನು ಇಟ್ಟುಕೊಂಡಿದ್ದೇನೆ. ಮೊದಲನೆಯದು, ಈ ಭಾರ ಯಾರದು? ಮಗಳ ಮದುವೆ ಮಾಡುವುದು ತಂದೆಯ ಕರ್ತವ್ಯದ ಭಾರ. ನೆರೆಯವನಿಗಿಂತ ದೊಡ್ಡ ಚಪ್ಪರ ಹಾಕಬೇಕೆಂಬುದು ನೆರೆಯವನ ಚಪ್ಪರದ ಭಾರ. ಅದನ್ನು ನಾವೇಕೆ ಹೊರಬೇಕು? ಎರಡನೆಯದು, ಇದಕ್ಕೆ ಕೊಳ್ಳ ಹರಿಯುವ ಹೊತ್ತು ಉಂಟೆ? ಅಂಗಡಿಯ ಬಾಗಿಲು ಹಾಕಿದ ಮೇಲೆಯೂ ಮನಸ್ಸಿನಲ್ಲಿ ತಕ್ಕಡಿ ತೂಗುತ್ತಿದ್ದರೆ, ಕಚೇರಿ ಮುಗಿದ ಮೇಲೆಯೂ ಮೊಬೈಲಿನಲ್ಲಿ ಕಚೇರಿ ಹಾಸಿಗೆಯವರೆಗೆ ಬರುತ್ತಿದ್ದರೆ, ಅಲ್ಲಿ ನೊಗವಿದೆ, ಬಿಚ್ಚುವ ಕೈಯಿಲ್ಲ. ಮನೆಯ ಗೃಹಿಣಿಯ ವಿಷಯದಲ್ಲಿಯೂ ಇದನ್ನು ಕೇಳಿಕೊಳ್ಳಿರಿ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಆಕೆಯ ಕೊಳ್ಳ ಹರಿಯುವವರು ಯಾರು? ಮೂರನೆಯದು, ಈ ದುಡಿಮೆ ಇನ್ನೊಬ್ಬರ ತಟ್ಟೆಯನ್ನು ಮುಟ್ಟುತ್ತದೆಯೆ? ಮುಟ್ಟುವುದಾದರೆ ದಣಿವಿನಲ್ಲಿಯೂ ಒಂದು ತೃಪ್ತಿ ಇರುತ್ತದೆ, ನಿದ್ರೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಎಲ್ಲ ಅಹಿತಭಾರವೂ ಹೊರುವವನ ಆಸೆಯಿಂದಲೇ ಬರುವುದೆಂದು ತಿಳಿಯಬಾರದು. ಮಳೆ ಕೈಕೊಟ್ಟು ಸಾಲ ತೀರಿಸಲಾಗದ ರೈತನಿಗೆ, ಕೂಲಿ ಸಿಗದೆ ಗುಳೆ ಹೋಗುವ ಬಡವನಿಗೆ, ಮನೆಯಲ್ಲಿ ಬಹುಕಾಲದ ರೋಗಿಯನ್ನು ನೋಡಿಕೊಳ್ಳುವ ತಾಯಿಗೆ ನಿನ್ನ ಆಸೆಯನ್ನು ಬಿಡು ಎಂದು ಉಪದೇಶಿಸುವುದು ನಿರ್ದಯೆ. ಅಂಥವರ ಮುಂದೆ ಬಾಯಿಯಿಂದ ಬೋಧೆ ಬರಬಾರದು, ಹೆಗಲು ಮುಂದೆ ಬರಬೇಕು. ಒಬ್ಬನಿಗೆ ಮೀರಿದ ಭಾರವನ್ನು ಹತ್ತು ಜನ ಹೊರುವುದಕ್ಕೇ ದಾಸೋಹವೆಂದು ಹೆಸರು. ಹಾಗೆಯೇ ಹೊರುವವರೂ ಹೇಳಿಕೊಳ್ಳಲು ನಾಚಬಾರದು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಮನೆಯವರಿಗೆ ತಿಳಿಸಿರಿ, ವೈದ್ಯರ ಬಳಿಗೆ ಹೋಗಿರಿ. ಕಾಲು ಮುರಿದರೆ ವೈದ್ಯರಲ್ಲಿಗೆ ಹೋಗಲು ನಾಚುವುದಿಲ್ಲ. ಮನಸ್ಸು ನೊಂದಾಗ ಮಾತ್ರ ಏಕೆ ನಾಚಬೇಕು? ಅದರಿಂದ ಭಕ್ತಿಗೆ ಕುಂದಿಲ್ಲ.

ಕೊನೆಗೆ, ಕೊಳ್ಳ ಹರಿಯುವ ಹೊತ್ತನ್ನು ನಮ್ಮ ಗುರುಹಿರಿಯರು ನಮಗೆ ಮೊದಲೇ ಗೊತ್ತುಮಾಡಿ ಕೊಟ್ಟಿದ್ದಾರೆಂಬುದನ್ನು ಜ್ಞಾಪಿಸುತ್ತೇನೆ. ಅದೇ ಇಷ್ಟಲಿಂಗಪೂಜೆಯ ಹೊತ್ತು. ಎಡಗೈಯ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು ದೃಷ್ಟಿಯನ್ನು ನಿಲ್ಲಿಸುವಾಗ ಕೈ ಹೇಗಿರುತ್ತದೆ, ಗಮನಿಸಿರಿ. ಮುಷ್ಟಿ ಬಿಗಿಹಿಡಿದರೆ ಲಿಂಗ ಕಾಣುವುದಿಲ್ಲ; ಅಂಗೈ ಸಡಿಲಬಿಟ್ಟರೆ ಲಿಂಗ ನಿಲ್ಲುವುದಿಲ್ಲ. ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಆ ಹಿಡಿತವೇ ಬಾಳಿನ ಹಿಡಿತ. ಪೂಜೆಗೆ ಕುಳಿತಾಗ ಆ ದಿನದ ಕೆಲಸಗಳು ಮನಸ್ಸಿಗೆ ಬಂದರೆ ಬರಲಿ. ಒಂದೊಂದನ್ನೂ ಲಿಂಗದ ಮುಂದೆ ಇಟ್ಟು, ಇದು ಇಂದಿನ ಅಕ್ಕಿಯೋ, ಹೆಚ್ಚಿನ ಅಕ್ಕಿಯೋ ಎಂದು ಕೇಳಿಕೊಳ್ಳಿರಿ. ಇಂದಿನದಾದರೆ ಎದ್ದು ಹೋಗಿ ಮನಸಾರೆ ಮಾಡಿರಿ. ಹೆಚ್ಚಿನದಾದರೆ ತಂದಲ್ಲಿಯೇ ಸುರಿದು ಬನ್ನಿರಿ.

ಪ್ರಶ್ನೆ ಕೇಳಿದ ಗೃಹಸ್ಥರು ಈ ಪುಟಗಳನ್ನು ಓದುವರೆಂದು ನಂಬಿದ್ದೇನೆ. ಅಂದು ಅವರಿಗೆ ಹೇಳಬೇಕಾಗಿದ್ದ ಉತ್ತರ ಇದು: ಕಾಯಕವನ್ನೂ ಬಿಡಬೇಡಿರಿ, ಚಿಂತೆಯೊಡನೆ ಕಾದಾಡಲೂ ಬೇಡಿರಿ. ಮನೆಯಲ್ಲಿ ಒಬ್ಬ ಲಕ್ಕಮ್ಮನಿರಲಿ. ಅವಳು ಹೆಂಡತಿಯಾಗಿರಬಹುದು, ಗಂಡನಾಗಿರಬಹುದು, ಗೆಳೆಯನಾಗಿರಬಹುದು, ಎದುರಿಗೆ ಕುಳಿತ ಬಡ ಒಕ್ಕಲಿಗನೂ ಆಗಿರಬಹುದು. ಏಳು ಎಂದಾಗ ಏಳಿರಿ. ಸಾಕು ಎಂದಾಗ ಇಳಿಸಿರಿ.

ಸರ್ವರಿಗೂ ಸನ್ಮಂಗಳವಾಗಲಿ.